ಗುಂಡಿಯ ಬಾಯಿ ಎಲ್ಲಿದೆ? ಪ್ರಾಚೀನ ನೆಲೆಗಳಲ್ಲಿ ಸಮಾಧಿಗಳ ಉತ್ಖನನ

ಎಲ್ಲರಿಗೂ ನಮಸ್ಕಾರ.

ಎಲ್ಲೋ ಅಸ್ಥಿಪಂಜರ ಸಿಕ್ಕಿತೆಂದರೆ ಜನ ಮೊದಲು ಕೇಳುವುದು ‘ಎಷ್ಟು ಹಳೆಯದು?’ ಎಂದು. ಉತ್ತರಕ್ಕಾಗಿ ಎಲ್ಲರೂ ಎಲುಬನ್ನೇ ನೋಡುತ್ತಾರೆ. ನೋಡಬೇಕಾದದ್ದು ಅದನ್ನು ಹೂಳಲು ತೋಡಿದ ಗುಂಡಿಯ ಅಂಚನ್ನು. ಇವತ್ತಿನ ಮಾತು ಆ ಅಂಚಿನ ಬಗ್ಗೆ. ಉದಾಹರಣೆಗಳನ್ನು ಹೆಚ್ಚಾಗಿ ನಮ್ಮ ಚಿತ್ರದುರ್ಗ, ಬಳ್ಳಾರಿ, ಕೊಪ್ಪಳ ಸೀಮೆಯಿಂದಲೇ ಕೊಡುತ್ತೇನೆ.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1947ರಲ್ಲಿ ಭಾರತೀಯ ಪುರಾತತ್ವ ಇಲಾಖೆಯ ಅಂದಿನ ಮುಖ್ಯಸ್ಥ ಮಾರ್ಟಿಮರ್ ವ್ಹೀಲರ್ ಉತ್ಖನನ ನಡೆಸಿದರು. ಕೆಳಗೆ ಕಲ್ಲುಕೊಡಲಿಯ ಜನ, ಅದರ ಮೇಲೆ ಬೃಹತ್ ಶಿಲಾ ಸಮಾಧಿಗಳ ಕಾಲ, ಅದಕ್ಕೂ ಮೇಲೆ ಇತಿಹಾಸ ಕಾಲ ಎಂಬ ಕ್ರಮ ಪದರ ಪದರವಾಗಿ ಸ್ಪಷ್ಟವಾಯಿತು. ಎಲುಬು, ಇದ್ದಿಲುಗಳಲ್ಲಿ ಉಳಿದ ಕಾರ್ಬನ್ ಅಳೆದು ಕಾಲ ಹೇಳುವ ರೇಡಿಯೋ ಕಾರ್ಬನ್ ವಿಧಾನ ಆಗ ಬಳಕೆಗೆ ಬಂದಿರಲಿಲ್ಲ. ಪುದುಚೇರಿ ಬಳಿಯ ಅರಿಕಮೇಡುವಿನಲ್ಲಿ ರೋಮನ್ ವ್ಯಾಪಾರದ ವಸ್ತುಗಳ ಜೊತೆ ಸಿಕ್ಕಿದ್ದ ಮಡಕೆಯ ಬಗೆಯನ್ನೇ ಆಧಾರವಾಗಿಟ್ಟು ಅವರು ವರ್ಷಗಳನ್ನು ಎಣಿಸಿದರು. ಹಾಗಾಗಿ ಕಲ್ಲುಕೊಡಲಿಯ ಕಾಲ ಕ್ರಿ.ಪೂ. ಮೊದಲ ಸಹಸ್ರಮಾನದಲ್ಲಿ ಶುರುವಾಯಿತೆಂದಾಯಿತು. ಮುಂದೆ ದಕ್ಷಿಣದ ನೆಲೆಗಳಿಂದ ಬಂದ ಕಾರ್ಬನ್ ಕಾಲಮಾನಗಳು ಈ ಕಲ್ಲುಕೊಡಲಿಯ ಕಾಲವನ್ನು, ಅಂದರೆ ನವಶಿಲಾಯುಗವನ್ನು, ಕ್ರಿ.ಪೂ. ಮೂರನೆಯ ಸಹಸ್ರಮಾನಕ್ಕೆ ಒಯ್ದವು. ವರ್ಷಗಳು ಬದಲಾದರೂ ಅವರು ಗುರುತಿಸಿದ ಮೇಲು ಕೆಳಗಿನ ಕ್ರಮ ನಿಂತಿತು, ಏಕೆಂದರೆ ಯಾವ ಪದರ ಯಾವುದನ್ನು ಕಡಿದಿದೆ ಎಂಬುದು ದಾಖಲಾಗಿತ್ತು.

ಈ ಸೀಮೆಯ ನವಶಿಲಾಯುಗದವರು ಎಳೆಯ ಮಕ್ಕಳನ್ನು ಮಡಕೆಯಲ್ಲಿಟ್ಟು, ಹಲವೆಡೆ ಮನೆಯ ನೆಲದಡಿಯಲ್ಲೇ ಹೂಳುತ್ತಿದ್ದರು. ದೊಡ್ಡವರನ್ನು ಉದ್ದನೆಯ ಗುಂಡಿಯಲ್ಲಿ ಮಲಗಿಸುತ್ತಿದ್ದರು. ತೊಡಕು ಇಲ್ಲೇ. ಪದರಗಳನ್ನು ಮೇಲಿನಿಂದ ಕೆಳಕ್ಕೆ ಎಣಿಸುತ್ತೇವೆ. ಮೂರನೆಯ ಪದರದ ನೆಲದ ಮೇಲೆ ಬದುಕಿದವರು ತೋಡಿದ ಗುಂಡಿ ನಾಲ್ಕು, ಐದನೆಯ ಪದರಗಳನ್ನು ಕಡಿದು ಆರನೆಯದಕ್ಕೆ ಇಳಿದಿರುತ್ತದೆ. ಗುಂಡಿ ಶುರುವಾದ ಮಟ್ಟದ ಅಂಚನ್ನು, ಅಂದರೆ ಅದರ ಬಾಯಿಯನ್ನು, ಗುರುತಿಸದೆ ಕೆಳಗಿಳಿದವರು ‘ಆರನೆಯ ಪದರದಲ್ಲಿ ಅಸ್ಥಿಪಂಜರ’ ಎಂದು ಬರೆಯುತ್ತಾರೆ. ಸತ್ತವರಿಗೆ ನೂರಾರು ವರ್ಷ ಹೆಚ್ಚಿಗೆ ವಯಸ್ಸಾಗಿಬಿಡುತ್ತದೆ!

ಬಾಯಿಯನ್ನು ಹಿಡಿಯುವುದು ಹೇಗೆ? ತೋಡಿ ಮುಚ್ಚಿದ ಮಣ್ಣು ಕಲಸಿಹೋಗಿರುತ್ತದೆ: ಬೂದಿ, ಇದ್ದಿಲು, ಬೇರೆ ಬೇರೆ ಪದರಗಳ ಹೆಂಟೆ. ಸುತ್ತಲಿನ ಗಟ್ಟಿ ಮಣ್ಣಿಗಿಂತ ಸಡಿಲ; ಕರಣೆ ಎಳೆದಾಗ ಸದ್ದು ಬೇರೆ. ಬಿಸಿಲಿಗೆ ಒಣಗಿದ ಮೇಲೆ ಬಣ್ಣಗಳೆಲ್ಲ ಒಂದೇ ಆಗಿ ಅಂಚು ಮಾಯವಾಗುತ್ತದೆ. ಆದ್ದರಿಂದ ನೆಲವನ್ನು ಕರಣೆಯಲ್ಲಿ ತೆಳುವಾಗಿ ಹೆರೆದು, ಸಣ್ಣ ಹನಿಯಾಗಿ ನೀರು ಚಿಮುಕಿಸಿ, ಬೆಳಗಿನ ಓರೆ ಬೆಳಕಿನಲ್ಲಿ ನೋಡಬೇಕು. ಅಂಚು ಕಂಡೊಡನೆ ಗೀಚಿ, ಫೋಟೊ ತೆಗೆದು, ಮಟ್ಟ ಅಳೆದು, ಆಮೇಲೆ ಅರ್ಧ ಗುಂಡಿಯನ್ನು ಮಾತ್ರ ತೆಗೆಯಬೇಕು. ಉಳಿದರ್ಧದ ಗೋಡೆಯಲ್ಲಿ ಗುಂಡಿ ತುಂಬಿದ ಬಗೆ ಕಾಣುತ್ತದೆ. ಅದನ್ನು ಬರೆದುಕೊಂಡ ಮೇಲೆ ಮಿಕ್ಕ ಅರ್ಧ. ಎಲುಬಿನ ಮಟ್ಟ ಹತ್ತಿರವಾದಾಗ ಈ ಅರ್ಧದ ನಿಯಮ ಬಿಟ್ಟು, ಇಡೀ ದೇಹವನ್ನು ಒಟ್ಟಿಗೆ ಬಿಡಿಸಬೇಕು.

ಎರೆಮಣ್ಣಿನಲ್ಲಿ ಇನ್ನೊಂದು ಅಪಾಯ. ಬೇಸಿಗೆಯಲ್ಲಿ ಬಿಡುವ ಬಿರುಕಿನೊಳಗೆ ಮೇಲಿನ ಮಣಿ, ಮಡಕೆ ಚೂರು ಜಾರಿ ಕೆಳಗೆ ಸೇರುತ್ತವೆ. ಇಲಿ ಬಿಲ, ಗೆದ್ದಲು, ಬೇರು ಕೂಡ ಇದೇ ಕೆಲಸ ಮಾಡುತ್ತವೆ. ಗುಂಡಿಯಲ್ಲಿ ಸಿಕ್ಕ ಒಂದೇ ಒಂದು ಚೂರನ್ನು ನಂಬಿ ಕಾಲ ಹೇಳಬಾರದು.

ಎಲುಬು ಕಂಡ ಮೇಲೆ ಕಬ್ಬಿಣದ ಉಪಕರಣ ಬದಿಗಿಡಬೇಕು. ಬಿದಿರಿನ ಕಡ್ಡಿ, ಮೆತ್ತನೆಯ ಬ್ರಷ್ ಸಾಕು. ನೆರಳು ಕಟ್ಟಲೇಬೇಕು, ಬೇಗ ಒಣಗಿದ ಎಲುಬು ಸೀಳುತ್ತದೆ. ದೊಡ್ಡವರ ದೇಹದ 206 ಎಲುಬುಗಳಲ್ಲಿ 106 ಕೈ ಮತ್ತು ಪಾದಗಳಲ್ಲೇ ಇವೆ. ಎಡಗೈ, ಬಲಗೈ, ಎಡಪಾದ, ಬಲಪಾದಗಳಿಗೆ ಬೇರೆ ಬೇರೆ ಚೀಲ, ಪ್ರತಿಯೊಂದಕ್ಕೂ ಒಳಗೊಂದು ಹೊರಗೊಂದು ಚೀಟಿ. ಸೊಂಟದ ಸುತ್ತಲಿನ ಮಣ್ಣನ್ನು ಪ್ರತ್ಯೇಕವಾಗಿ ಸಣ್ಣ ಜರಡಿಯಲ್ಲಿ ನೀರು ಹಾಯಿಸಿ ಸೋಸಬೇಕು. ಗರ್ಭದ ಶಿಶುವಿನ ಎಲುಬು ಅಲ್ಲಿರಬಹುದು.

ಜರಡಿ ಏಕೆ ಅಷ್ಟು ಮುಖ್ಯ ಎಂಬುದು ಬೃಹತ್ ಶಿಲಾ ಸಮಾಧಿಗಳಲ್ಲಿ ಚೆನ್ನಾಗಿ ತಿಳಿಯುತ್ತದೆ. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನಲ್ಲಿ ಜನ ಮೋರ್ಯರ ಮನೆ ಎಂದು ಕರೆಯುವ ಕಲ್ಲಿನ ಕೋಣೆಗಳನ್ನು ನೀವು ನೋಡಿರಬಹುದು. ಆ ಕಾಲದ ಅನೇಕ ಸಮಾಧಿಗಳಲ್ಲಿ ಇಡೀ ದೇಹ ಇರುವುದಿಲ್ಲ. ಬೇರೆಡೆ ಮಾಂಸ ಕರಗಿದ ಮೇಲೆ ಆಯ್ದು ತಂದ ಎಲುಬುಗಳಿರುತ್ತವೆ. ಹಾಗೆ ಆಯುವಾಗ ಬೆರಳಿನ ಸಣ್ಣ ಎಲುಬುಗಳು ಹಿಂದೆ ಉಳಿಯುತ್ತವೆ. ಬೆರಳುಗಳು ಕೀಲು ತಪ್ಪದೆ ಸಾಲಾಗಿದ್ದರೆ ದೇಹವನ್ನು ಸತ್ತ ಸ್ವಲ್ಪ ದಿನದಲ್ಲೇ ಇಟ್ಟರೆಂದು ಅರ್ಥ. ಈಗ ಯೋಚಿಸಿ: ಜರಡಿ ಹಿಡಿಯದ ತಂಡ ಬೆರಳೆಲುಬುಗಳನ್ನು ಮಣ್ಣಿನ ರಾಶಿಗೆ ಎಸೆದರೆ, ಕಾಗದದ ಮೇಲೆ ಸಾಮಾನ್ಯ ಸಮಾಧಿಯೇ ಆಯ್ದ ಎಲುಬಿನ ಸಮಾಧಿಯಾಗುತ್ತದೆ. ಇಲ್ಲದ ಪದ್ಧತಿಯೊಂದು ಹುಟ್ಟಿಕೊಳ್ಳುತ್ತದೆ. ನನಗೆ ಇದು ಉತ್ಖನನದ ಅತಿ ದೊಡ್ಡ ನಷ್ಟ ಎನಿಸುತ್ತದೆ, ಏಕೆಂದರೆ ಮತ್ತೆ ಪರೀಕ್ಷಿಸಲು ಆ ಸಮಾಧಿ ಅಲ್ಲಿರುವುದಿಲ್ಲ.

ಶಿಶುವಿನ ಮಡಕೆಯನ್ನು ಹೊಲದಲ್ಲಿ ಬಗೆಯಬಾರದು. ಬಟ್ಟೆಪಟ್ಟಿ ಸುತ್ತಿ, ಅಡಿಯ ಮಣ್ಣಿನ ಸಮೇತ ಹಲಗೆಯ ಮೇಲೆ ಎತ್ತಿ, ಪ್ರಯೋಗಾಲಯದೊಳಗೆ ಕೂತು ಎರಡು ಮೂರು ಸೆಂಟಿಮೀಟರಿನಂತೆ ಬಿಡಿಸಬೇಕು. ಇನ್ನೂ ಹುಟ್ಟದ ಹಲ್ಲುಗಳ ತುದಿ ಅಲ್ಲಿರುತ್ತವೆ. ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್‌ನಲ್ಲಿ ಜನನದ ಗೆರೆಯೊಂದು ಮೂಡುತ್ತದೆ. ಮಗು ಹುಟ್ಟಿ ಒಂದೆರಡು ವಾರ ಬದುಕಿತ್ತೇ ಎಂಬುದನ್ನು ಸೂಕ್ಷ್ಮದರ್ಶಕದಲ್ಲಿ ಅದರಿಂದ ಹೇಳಬಹುದು. ಗಂಡೋ ಹೆಣ್ಣೋ ಎಂದು ಮಗುವಿನ ಎಲುಬಿನ ಆಕಾರದಿಂದ ಹೇಳುವುದು ನಂಬಿಕೆಗೆ ಅರ್ಹವಲ್ಲ.

ಪ್ರಯೋಗಾಲಯದಿಂದ ಎಲ್ಲವೂ ತಿಳಿಯುತ್ತದೆಂಬ ನಿರೀಕ್ಷೆ ಈಗ ಹೆಚ್ಚು. ನಮ್ಮ ಬಿಸಿಲಿನ ನಾಡಿನಲ್ಲಿ ಎಲುಬಿನೊಳಗಿನ ಪ್ರೋಟೀನ್ ಆದ ಕೊಲಾಜೆನ್ ಬೇಗ ನಾಶವಾಗುತ್ತದೆ, ಡಿಎನ್‌ಎ ಕೂಡ. ಹರಿಯಾಣದ ಹರಪ್ಪ ಕಾಲದ ನೆಲೆಯಾದ ರಾಖಿಗಢಿಯ 61 ಮಾದರಿಗಳನ್ನು ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನಕ್ಕೆ ಬಳಸಬಹುದಾದ ಡಿಎನ್‌ಎ ದೊರಕಿದ್ದು ಒಬ್ಬರದು ಮಾತ್ರ. ಕೊಲಾಜೆನ್ ಇಲ್ಲದ ಎಲುಬಿಗೆ ನಂಬಬಹುದಾದ ಕಾರ್ಬನ್ ಕಾಲಮಾನವೂ ಕಷ್ಟ. ಆಗ ಕೈಹಿಡಿಯುವುದು ಸುಟ್ಟ ಕಾಳು. ಬಳ್ಳಾರಿ ಬಳಿಯ ಸಂಗನಕಲ್ಲಿನಂಥ ನೆಲೆಗಳಲ್ಲಿ ಮಣ್ಣನ್ನು ನೀರಿನಲ್ಲಿ ತೇಲಿಸಿ ಹುರುಳಿ, ಹೆಸರು, ಕೊರಲೆಯ ಕಾಳು ತೆಗೆದಿದ್ದಾರೆ. ಒಂದು ವರ್ಷ ಮಾತ್ರ ಬೆಳೆದ ಕಾಳಿನ ಕಾಲ ಹಳೆಯ ಮರದ ಇದ್ದಿಲಿಗಿಂತ ನಿಖರ. ಆದರೆ ಆ ಕಾಳು ಗುಂಡಿ ತೋಡಿದ ನೆಲದ್ದೋ, ಗುಂಡಿ ಕಡಿದ ಹಳೆಯ ಪದರದ್ದೋ? ಇದನ್ನು ಯಾವ ಯಂತ್ರವೂ ಹೇಳದು. ಗುಂಡಿಯ ಬಾಯಿಯ ದಾಖಲೆಯೇ ಹೇಳಬೇಕು.

ಮಾದರಿ ತೆಗೆಯುವ ಮೊದಲು ಎಲುಬಿಗೆ ಅಂಟು, ವಾರ್ನಿಷ್ ಬಳಿಯಬೇಡಿ. ಅದರ ಕಾರ್ಬನ್ ಲೆಕ್ಕವನ್ನೇ ಕೆಡಿಸುತ್ತದೆ. ಹಲ್ಲನ್ನು ಉಜ್ಜಿ ತೊಳೆಯಬೇಡಿ. ಅದಕ್ಕಂಟಿದ ಗಟ್ಟಿ ಪಾಚಿಯಲ್ಲಿ ಉಂಡ ಆಹಾರದ ಕಣಗಳಿರುತ್ತವೆ. ಕೈಗವಸು, ಮಾಸ್ಕ್ ಹಾಕಿಕೊಂಡು ಒಂದು ಹಲ್ಲು ಮತ್ತು ಕಿವಿಯ ಒಳಭಾಗದ ಗಟ್ಟಿ ಎಲುಬನ್ನು ಮೊದಲೇ ತೆಗೆದಿಡಿ.

ಹೊಲ ಉಳುವಾಗ, ಪಾಯ ತೆಗೆಯುವಾಗ ಮಡಕೆಯೋ ಎಲುಬೋ ಕಂಡ ರೈತರಿಗೆ ಇಷ್ಟು ಹೇಳಿ: ಮಡಕೆ ಬಗ್ಗಿಸಬೇಡಿ, ಎಲುಬು ಎತ್ತಿ ತೊಳೆಯಬೇಡಿ. ಗುಂಡಿಯ ಗೋಡೆ ಕೆರೆಯದೆ, ಪಕ್ಕದಲ್ಲೊಂದು ಅಳತೆಪಟ್ಟಿ ಇಟ್ಟು ಫೋಟೊ ತೆಗೆದು, ಮಣ್ಣು ಮುಚ್ಚಿ, ತಹಶೀಲ್ದಾರರಿಗೆ ಇಲ್ಲವೇ ಪುರಾತತ್ವ ಇಲಾಖೆಗೆ ತಿಳಿಸಲಿ.