ಪಿಎಚ್‌ಡಿ ಸೇರುವ ಮುಂಚೆ ಒಂದು ಸಾಮಾನ್ಯ ದಿನ ನೋಡಿ

ಎಲ್ಲರಿಗೂ ನಮಸ್ಕಾರ.

ಸಂಶೋಧನೆಯಲ್ಲೇ ಬದುಕು ಕಟ್ಟಿಕೊಳ್ಳಬೇಕು, ಅದಕ್ಕೆ ಪಿಎಚ್‌ಡಿ ಸೇರಲಾ ಬೇಡವಾ ಅಂತ ಕೇಳಿಕೊಂಡು ನನ್ನ ಹತ್ತಿರ ಬಹಳ ಜನ ಬರುತ್ತಾರೆ. ನಾನು ಅವರಿಗೆ ಒಂದು ಪ್ರಶ್ನೆ ಕೇಳುತ್ತೇನೆ. ಸಂಶೋಧನೆ ಮಾಡುವವರ ಒಂದು ಸಾಮಾನ್ಯ ದಿನವನ್ನು ಬೆಳಗಿನಿಂದ ಸಂಜೆವರೆಗೆ ನೋಡಿದ್ದೀರಾ? ಹೆಚ್ಚಿನವರು ನೋಡಿರುವುದಿಲ್ಲ. ವಿಷಯ ಇಷ್ಟ, ಅಂಕ ಚೆನ್ನಾಗಿ ಬಂದಿದೆ, ಪಾಠ ಮಾಡಿದವರು ಹೋಗು ಅಂದಿದ್ದಾರೆ. ಇದೆಲ್ಲ ಒಳ್ಳೆಯದೇ. ಆದರೆ ಪರೀಕ್ಷೆಯ ಪ್ರಶ್ನೆಗೆ ಉತ್ತರ ಇದ್ದೇ ಇದೆ ಅನ್ನುವುದು ನಮಗೆ ಮೊದಲೇ ಗೊತ್ತಿರುತ್ತದೆ, ಅಲ್ವಾ? ಲ್ಯಾಬಿನಲ್ಲಿ ಅದೇ ಗೊತ್ತಿರುವುದಿಲ್ಲ. ಕೆಲವೊಮ್ಮೆ ಪ್ರಶ್ನೆಯೇ ತಪ್ಪಾಗಿರುತ್ತದೆ. ಅದು ತಿಳಿಯುವಷ್ಟರಲ್ಲಿ ಒಂದು ವರ್ಷ ಕಳೆದಿರುತ್ತದೆ.

ನನ್ನ ಮೊದಲ ವರ್ಷದ ಒಂದು ಸಂಗತಿ ಹೇಳುತ್ತೇನೆ. ತೀರಾ ಸಣ್ಣ ವೋಲ್ಟೇಜ್ ಅಳೆಯುವ ಪ್ರಯೋಗ. ಗ್ರಾಫಿನಲ್ಲಿ ಆಗಾಗ ಒಂದು ಚಿಕ್ಕ ಉಬ್ಬು ಕಾಣಿಸುತ್ತಿತ್ತು. ಸ್ಯಾಂಪಲ್ ಬದಲಿಸಿದೆ, ಉಬ್ಬು ಬಂತು. ವೈರ್ ಬದಲಿಸಿದೆ, ಮತ್ತೆ ಬಂತು. ಮೂರು ವಾರ ಹೀಗೇ ಹೋಯಿತು. ಕೊನೆಗೆ ಒಂದು ಸಂಜೆ, ಉಬ್ಬು ಬಂದ ಸಮಯಗಳನ್ನೆಲ್ಲ ನೋಟ್‌ಬುಕ್ಕಿನಲ್ಲಿ ಒಂದರ ಕೆಳಗೊಂದು ಬರೆದು ನೋಡಿದೆ. ಎಲ್ಲವೂ ಮಧ್ಯಾಹ್ನ ಎರಡೂವರೆಯ ಆಸುಪಾಸು. ಪಕ್ಕದ ಕೋಣೆಯವರು ದಿನಾ ಆ ಹೊತ್ತಿಗೆ ಪಂಪ್ ಹಾಕುತ್ತಿದ್ದರು! ಅಷ್ಟೂ ದಿನದ ಕೆಲಸದಿಂದ ಸಂಶೋಧನಾ ಪೇಪರಿಗೆ ಒಂದು ಸಾಲೂ ಸಿಗಲಿಲ್ಲ. ಆದರೆ ಆ ಪಟ್ಟಿ ನೋಡುತ್ತಾ ಕಾರಣ ಹೊಳೆದಾಗ ಆದ ಖುಷಿ ನನಗೆ ಇವತ್ತಿಗೂ ನೆನಪಿದೆ. ನನ್ನ ಜೊತೆ ಸೇರಿದ ಒಬ್ಬ ಗೆಳೆಯನಿಗೆ ಇಂಥ ವಾರಗಳೆಂದರೆ ಹಿಂಸೆ. ಅವನು ನನಗಿಂತ ಚುರುಕು. ಎರಡನೇ ವರ್ಷ ಬಿಟ್ಟು ಹೋದ. ಬಿಟ್ಟಿದ್ದು ಸರಿಯೇ ಇತ್ತು ಅಂತ ನನಗೆ ಆಗಲೂ ಅನ್ನಿಸಿತ್ತು.

ಇಂಥದ್ದೇ ಒಂದು ಚಿಕ್ಕ ಗುರುತು 1967ರಲ್ಲಿ ಕೇಂಬ್ರಿಜ್‌ನಲ್ಲಿ ಒಬ್ಬ ಪಿಎಚ್‌ಡಿ ವಿದ್ಯಾರ್ಥಿನಿಯ ಕಣ್ಣಿಗೆ ಬಿತ್ತು. ಜೋಸೆಲಿನ್ ಬೆಲ್. ಅದಕ್ಕೂ ಮುಂಚೆ ಸುಮಾರು ಎರಡು ವರ್ಷ ಅವರು ಉಳಿದವರ ಜೊತೆ ಕಂಬ ನೆಟ್ಟು, ತಂತಿ ಎಳೆದು ರೇಡಿಯೊ ಟೆಲಿಸ್ಕೋಪ್ ಕಟ್ಟಿದ್ದರು. ಆಮೇಲೆ ಟೆಲಿಸ್ಕೋಪಿನ ಸಂಕೇತ ಗೆರೆಯಾಗಿ ಮೂಡುವ ಚಾರ್ಟ್ ಕಾಗದವನ್ನು ದಿನಕ್ಕೆ ಸುಮಾರು 100 ಅಡಿ ಕಣ್ಣಲ್ಲೇ ನೋಡುವ ಕೆಲಸ. ಅದರಲ್ಲಿ ಒಂದು ಅಂಗುಲವೂ ಇಲ್ಲದ ಗೀಚಿದಂಥ ಗುರುತು. ಯಾವುದೋ ಯಂತ್ರದ ಗದ್ದಲ ಅಂತ ಬಿಟ್ಟುಬಿಡಬಹುದಿತ್ತು. ಆದರೆ ಅದು ನಕ್ಷತ್ರಗಳ ಸಮಯ ಪಾಲಿಸುತ್ತಿತ್ತು, ಅಂದರೆ ದಿನದಿನಕ್ಕೆ ಸುಮಾರು 4 ನಿಮಿಷ ಮುಂಚೆ ಬರುತ್ತಿತ್ತು. ಪಂಪು, ಮೋಟರುಗಳು ಹಾಗೆ ಮಾಡುವುದಿಲ್ಲ. ಕಾಗದವನ್ನು ಜೋರಾಗಿ ಓಡಿಸಿ ನೋಡಿದಾಗ ಸುಮಾರು 1.3 ಸೆಕೆಂಡಿಗೊಂದು ಮಿಡಿತ ಕಂಡಿತು. ಅದು ಮನುಷ್ಯರು ಕಂಡ ಮೊದಲ ಪಲ್ಸಾರ್, ಅಂದರೆ ವೇಗವಾಗಿ ತಿರುಗುತ್ತಾ ರೇಡಿಯೊ ಮಿಡಿತ ಕಳಿಸುವ ನಕ್ಷತ್ರ.

ನಾನು ಈ ಕತೆ ಹೇಳುವುದು ಆ ಪಲ್ಸಾರ್‌ಗಾಗಿ ಅಲ್ಲ, ಆ 100 ಅಡಿ ಕಾಗದಕ್ಕಾಗಿ. ಪಿಎಚ್‌ಡಿ ಅಂದರೆ ಜಾಸ್ತಿ ಪಾಲು ಅದೇ. ಇತಿಹಾಸದವರಿಗೆ ಅದು ಹಳೆಯ ದಾಖಲೆಗಳ ಕಟ್ಟು, ಗಣಿತದವರಿಗೆ ಹರಿದು ಬಿಸಾಕಿದ ಹಾಳೆಗಳು, ಕಂಪ್ಯೂಟರಿನವರಿಗೆ ಓಡದ ಕೋಡ್. ಆ ಕೆಲಸ ನಿಮಗೆ ಹಿಡಿಸುತ್ತದೆಯೇ ಅನ್ನುವುದು ಸುಮ್ನೆ ಕೂತು ಯೋಚಿಸಿದರೆ ತಿಳಿಯುವುದಿಲ್ಲ. ಮಾಡಿ ನೋಡಬೇಕು. ಎರಡು ಮೂರು ತಿಂಗಳು ಯಾವುದಾದರೂ ಲ್ಯಾಬಿನಲ್ಲಿ ಇಂಟರ್ನ್‌ಶಿಪ್ ಮಾಡಿ. ಸಿಕ್ಕರೆ ಒಂದು ವರ್ಷ ಪ್ರಾಜೆಕ್ಟ್ ಅಸಿಸ್ಟೆಂಟ್ ಆಗಿರಿ. ಒಬ್ಬ ಹುಡುಗಿ ಹೀಗೆ ಎರಡು ತಿಂಗಳು ಹುಳುಗಳ ವಿಡಿಯೊ ನೋಡಿ ತಿರುವುಗಳನ್ನು ಎಣಿಸಿ ಬಂದಳು. "ಮೇಡಂ, ಎಣಿಸಿ ಎಣಿಸಿ ಸಾಕಾಯ್ತು. ಆದ್ರೆ ಒಂದು ಹುಳ ಮಾತ್ರ ಯಾಕೆ ಎಡಕ್ಕೇ ತಿರುಗ್ತಿತ್ತು ಅಂತ ಈಗಲೂ ತಲೇಲಿದೆ" ಅಂದಳು. ಅವಳಿಗೆ ನನ್ನ ಸಲಹೆ ಬೇಕಾಗಲಿಲ್ಲ.

ಪಿಎಚ್‌ಡಿ ಇಲ್ಲದೆ ಸಂಶೋಧನೆ ಆಗುವುದೇ ಇಲ್ಲವಾ? ಆಗುತ್ತದೆ. ಅಮೆರಿಕದ ವಿಜ್ಞಾನಿ ಗರ್ಟ್ರೂಡ್ ಎಲಿಯನ್ ಕೆಲಸ ಮಾಡುತ್ತಲೇ ಸಂಜೆ ಹೊತ್ತು ಪಿಎಚ್‌ಡಿಗೆ ಓದುತ್ತಿದ್ದರು. ಮುಂದುವರಿಯಬೇಕಾದರೆ ಪೂರ್ತಿ ಸಮಯ ಬರಬೇಕು ಅಂದಾಗ ಓದು ಬಿಟ್ಟು ಲ್ಯಾಬಿನ ಕೆಲಸವನ್ನೇ ಉಳಿಸಿಕೊಂಡರು. ರಕ್ತದ ಕ್ಯಾನ್ಸರಿಗೆ ಔಷಧಿ ಕಂಡುಹಿಡಿದವರಲ್ಲಿ ಅವರೂ ಒಬ್ಬರು. 1988ರಲ್ಲಿ ನೊಬೆಲ್ ಬಂತು. 2002ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದವರಲ್ಲಿ ಒಬ್ಬರಾದ ಕೋಯಿಚಿ ತನಾಕಾ ಕಂಪನಿಯೊಂದರ ಎಂಜಿನಿಯರ್, ಅವರ ಹತ್ತಿರ ಇದ್ದದ್ದು ಬರೀ ಮೊದಲ ಪದವಿ. ಆದರೆ ಇದನ್ನು ನಂಬಿ ಲೆಕ್ಕ ಹಾಕಬೇಡಿ. ಈಗ ವಿಶ್ವವಿದ್ಯಾಲಯದಲ್ಲಿ ನಿಮ್ಮದೇ ಪ್ರಶ್ನೆ ಹಿಡಿದು, ನಿಮ್ಮದೇ ತಂಡ ಕಟ್ಟಬೇಕೆಂದರೆ ಪಿಎಚ್‌ಡಿ ಬೇಕೇ ಬೇಕು. ಅದರ ನಂತರ ಬಹಳ ವಿಷಯಗಳಲ್ಲಿ ಪೋಸ್ಟ್‌ಡಾಕ್ ಕೂಡ, ಅಂದರೆ ಪಿಎಚ್‌ಡಿ ಮುಗಿದ ಮೇಲೆ ಕೆಲವು ವರ್ಷದ ತಾತ್ಕಾಲಿಕ ಸಂಶೋಧನಾ ಕೆಲಸ. ಕಾಯಂ ಹುದ್ದೆಗಳು ಪಿಎಚ್‌ಡಿ ಮುಗಿಸುವವರಿಗಿಂತ ತುಂಬಾ ಕಡಿಮೆ. ಯಂತ್ರ ನಡೆಸುವುದು, ಅಂಕಿಅಂಶ ನೋಡುವುದು, ಸಾಫ್ಟ್‌ವೇರ್ ಬರೆಯುವುದು ನಿಮ್ಮ ಪ್ರೀತಿಯಾಗಿದ್ದರೆ ಎಂಎಸ್ಸಿ ಮೇಲೆಯೇ ಸಂಶೋಧನೆಯ ಒಳಗೆ ಒಳ್ಳೆಯ ಕೆಲಸ ಸಿಗಬಹುದು.

ಸೇರುವುದೇ ಅಂತಾದರೆ ಗೈಡ್ ಯಾರು ಅನ್ನುವುದು ಸಂಸ್ಥೆಯ ಹೆಸರಿಗಿಂತ ಮುಖ್ಯ. ನಾಲ್ಕೈದು ವರ್ಷ, ಕೆಲವು ಕಡೆ ಇನ್ನೂ ಜಾಸ್ತಿ, ನಿಮ್ಮ ದಿನಗಳು ಆ ಒಬ್ಬರ ಮಾತಿನ ಮೇಲೆ ನಿಂತಿರುತ್ತವೆ. ಅವರ ಹಳೆಯ ವಿದ್ಯಾರ್ಥಿಗಳಿಗೆ ಫೋನ್ ಮಾಡಿ. ಮುಗಿಸಿದವರ ಜೊತೆಗೆ ಮಧ್ಯದಲ್ಲಿ ಬಿಟ್ಟವರನ್ನೂ ಹುಡುಕಿ ಮಾತಾಡಿಸಿ. ಪ್ರಯೋಗ ಕೆಟ್ಟಾಗ ಅವರು ಏನು ಅಂತಾರೆ? ಬರೆದು ಕೊಟ್ಟ ಅಧ್ಯಾಯ ಎಷ್ಟು ದಿನಕ್ಕೆ ವಾಪಸ್ ಬರುತ್ತದೆ? ಪೇಪರಿನಲ್ಲಿ ಮೊದಲ ಹೆಸರು ಯಾರದ್ದು? ಪಲ್ಸಾರ್ ಕಂಡದ್ದಕ್ಕೆ 1974ರಲ್ಲಿ ನೊಬೆಲ್ ಬಂದದ್ದು ಬೆಲ್ ಅವರ ಗೈಡಿಗೆ, ಬೆಲ್ ಅವರಿಗಲ್ಲ. ಹೆಸರಿನ ಮಾತು ಕೇಳಲು ಸಂಕೋಚ ಬೇಡ ಅಂತ ನಾನು ಹೇಳುವುದು ಅದಕ್ಕೇ.

ಫೆಲೋಶಿಪ್ ಸಿಗದೆ ಸಾಲ ಮಾಡಿ ಪಿಎಚ್‌ಡಿ ಸೇರುವುದನ್ನು ನಾನಂತೂ ಒಪ್ಪುವುದಿಲ್ಲ. ಒಂದು ವರ್ಷ ಕೆಲಸ ಮಾಡಿ, ಮತ್ತೆ ಅರ್ಜಿ ಹಾಕಿ. ವಯಸ್ಸು ಮೀರಿತು ಅಂತ ಹೆದರಬೇಡಿ. ಮನೆಯವರು ನಿಮ್ಮ ಸಂಬಳ ನಂಬಿಕೊಂಡಿದ್ದರೆ, ಅದನ್ನು ಮೊದಲೇ ಕೂತು ಅವರ ಜೊತೆ ಮಾತಾಡಿ.

ನಿಮ್ಮಲ್ಲಿ ಕೆಲವರ ಕೈಯಲ್ಲಿ ಈಗಾಗಲೇ ಸೀಟು ಸಿಕ್ಕ ಪತ್ರ ಇದೆ, ಉತ್ತರ ಕೊಡಲು ದಿನ ಹತ್ತಿರ ಬಂದಿದೆ. ಅಂಥವರು ಈಗ ಮುಂದೆ ಬನ್ನಿ. ಪತ್ರ ಒಟ್ಟಿಗೆ ಓದೋಣ, ಆ ಲ್ಯಾಬಿನಲ್ಲಿ ಯಾರಿಗೆ ಫೋನ್ ಮಾಡಬಹುದು ಅಂತ ನೋಡೋಣ.