ಕುಳಿತು ದುಡಿಯುವವರ ಸುರಕ್ಷತೆ

ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯರೇ, ಕಚೇರಿ, ಬ್ಯಾಂಕು ಮತ್ತು ಗಂಜಿನ, ಅಂದರೆ ಕೃಷಿ ಮಾರುಕಟ್ಟೆಯ, ಅಂಗಡಿಗಳಿಂದ ಬಿಡುವು ಮಾಡಿಕೊಂಡು ಬಂದಿರುವ ಬಂಧುಗಳೇ,

1966ರ ಮಾರ್ಚ್ 4ರಂದು ರಾಷ್ಟ್ರೀಯ ಸುರಕ್ಷತಾ ಮಂಡಳಿ ಸ್ಥಾಪನೆಯಾಯಿತು. ಆ ನೆನಪಿಗೆ ಪ್ರತಿವರ್ಷ ಈ ದಿನ ಕಾರ್ಖಾನೆಗಳಲ್ಲಿ ಬಾವುಟ ಏರಿಸಿ ಪ್ರತಿಜ್ಞೆ ಬೋಧಿಸುತ್ತಾರೆ. ಸುರಕ್ಷತಾ ಅಧಿಕಾರಿಯಾಗಿ ಮೂವತ್ತು ವರ್ಷ ಆ ಪ್ರತಿಜ್ಞೆಯನ್ನು ಬೋಧಿಸಿದವರಲ್ಲಿ ನಾನೂ ಒಬ್ಬ. ಆದರೆ ರಾಯಚೂರಿನಲ್ಲಿ ಸುರಕ್ಷತೆ ಎಂದ ಕೂಡಲೇ ನೆನಪಾಗುವುದು ಶಕ್ತಿನಗರದ ವಿದ್ಯುತ್ ಸ್ಥಾವರದ ಚಿಮಣಿ, ಹಟ್ಟಿಯ ಚಿನ್ನದ ಗಣಿ, ಹತ್ತಿ ಮಿಲ್ಲಿನಲ್ಲಿ ತಿರುಗುವ ಬೆಲ್ಟು. ಕುರ್ಚಿ ಯಾರಿಗೂ ನೆನಪಾಗುವುದಿಲ್ಲ. ಈ ಸಭೆಗೆ ಕರೆಯಲು ಬಂದವರೊಬ್ಬರು, "ಸರ್, ನಮ್ಮದು ಬರೀ ಕಂಪ್ಯೂಟರ್ ಕೆಲಸ, ಅಪಘಾತವೇ ಆಗುವುದಿಲ್ಲ, ನೀವು ಏನು ಮಾತನಾಡುತ್ತೀರಿ?" ಎಂದು ಸಂಕೋಚದಿಂದಲೇ ಕೇಳಿದರು. ಹಾಗೆ ಕೇಳುವಾಗ ಅವರ ಎಡಗೈ ತಮ್ಮ ಬಲಭುಜವನ್ನು ಒತ್ತಿಕೊಳ್ಳುತ್ತಿತ್ತು.

ಕಾರ್ಖಾನೆಯಲ್ಲಿ ನಾವು ಕಲಿತ ಕ್ರಮವೊಂದಿದೆ. ಮೊದಲು ಅಪಾಯವನ್ನೇ ತೆಗೆಯಬೇಕು. ತೆಗೆಯಲಾಗದಿದ್ದರೆ ಯಂತ್ರಕ್ಕೆ ಬೇಲಿ ಹಾಕಬೇಕು. ಅದೂ ಸಾಲದಾದಾಗ ಮಾತ್ರ ಮನುಷ್ಯನ ತಲೆಗೆ ಹೆಲ್ಮೆಟ್. ಕಚೇರಿಗಳಲ್ಲಿ ಈ ಕ್ರಮ ತಲೆಕೆಳಗಾಗಿದೆ. ಕುತ್ತಿಗೆ ನೋವು ಎಂದವರಿಗೆ ಯೋಗ ಮಾಡಿ ಎನ್ನುತ್ತೇವೆ, ಕಣ್ಣು ಉರಿ ಎಂದವರಿಗೆ ಡ್ರಾಪ್ಸ್ ಹಾಕಿಕೊಳ್ಳಿ ಎನ್ನುತ್ತೇವೆ, ಸೊಂಟ ಹಿಡಿದವರಿಗೆ ಬೆಲ್ಟ್ ಕಟ್ಟುತ್ತೇವೆ. ಇವೆಲ್ಲ ಹೆಲ್ಮೆಟ್ಟುಗಳೇ. ಯೋಗದ ಮೇಲೆ ನನಗೆ ಸಿಟ್ಟಿಲ್ಲ, ನಾನೂ ಬೆಳಿಗ್ಗೆ ಮಾಡುತ್ತೇನೆ; ಆದರೆ ಮೊದಲು ಮೇಜು, ಆಮೇಲೆ ಮನುಷ್ಯ ಎಂಬುದು ನನ್ನ ಹಟ.

ಗಂಜಿನ ಗುಮಾಸ್ತರೊಬ್ಬರ ಕಥೆಯನ್ನು ಇಲ್ಲಿರುವ ಕೆಲವರು ನನ್ನ ಬಾಯಿಂದಲೇ ಕೇಳಿದ್ದೀರಿ. ಕ್ಷಮಿಸಿ, ಅದನ್ನು ದಾಟಿ ನನಗೆ ಮುಂದೆ ಹೋಗಲಾಗದು. ರೈತರ ಮಾಲನ್ನು ದಲಾಲಿಗೆ ಮಾರಿಕೊಡುವ ಅಡತಿ ಅಂಗಡಿಯೊಂದರಲ್ಲಿ ಅವರು ಇಪ್ಪತ್ತೈದು ವರ್ಷ ಗಾದಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, ಇಳಿಜಾರು ಮುಚ್ಚಳದ ಮರದ ಪೆಟ್ಟಿಗೆಯ ಮೇಲೆ ಲೆಕ್ಕ ಬರೆದವರು. ಕಂಪ್ಯೂಟರ್ ಬಂದಾಗ ಗಾದಿ ಹೋಗಿ ಮೇಜು ಬಂತು. ಸಾಹುಕಾರರು ವಾಸ್ತು ಕೇಳಿ, ಗುಮಾಸ್ತರು ಪೂರ್ವಕ್ಕೆ ಮುಖ ಮಾಡಿ ಕೂರುವಂತೆ ಮೇಜು ಹಾಕಿಸಿದರು. ಅಂಗಡಿಯ ಬಾಗಿಲೂ ಪೂರ್ವಕ್ಕೇ ಇತ್ತು. ಮಾನಿಟರಿನ ಹಿಂದಿನಿಂದ ನಮ್ಮ ರಾಯಚೂರಿನ ಬಿಸಿಲು ನೇರವಾಗಿ ಕಣ್ಣಿಗೆ ಹೊಡೆಯುತ್ತಿದ್ದುದರಿಂದ ಅಂಕಿ ಕಾಣದೆ ಅವರು ಮುಂದಕ್ಕೆ ಬಾಗತೊಡಗಿದರು. ಇದನ್ನು ಗಮನಿಸಿದ ಸಾಹುಕಾರರ ಮಗ, ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕಿರಬೇಕೆಂದು ಮೊಬೈಲಿನಲ್ಲಿ ಓದಿಕೊಂಡು, ಹಳೆಯ ಖಾತೆ ಪುಸ್ತಕಗಳನ್ನು ಪೇರಿಸಿ ಅವುಗಳ ಮೇಲೆ ಮಾನಿಟರನ್ನು ಕೂರಿಸಿದ. ನಿಜವಾದ ನೋವು ಆಮೇಲೆ ಶುರುವಾಯಿತು.

ಏಕೆಂದರೆ ಗುಮಾಸ್ತರದು ಚಾಳೀಸು ಸೇರಿದ ಕನ್ನಡಕ. ಹತ್ತಿರದ ಅಕ್ಷರ ಓದುವ ಗಾಜು ಅದರ ಕೆಳಭಾಗದಲ್ಲಿರುತ್ತದೆ. ಎತ್ತರದ ಪರದೆಯನ್ನು ಆ ಗಾಜಿನಿಂದ ನೋಡಬೇಕಾದರೆ ಗದ್ದ ಎತ್ತಲೇಬೇಕು. ಮಳೆಗಾಗಿ ಮುಗಿಲು ನೋಡುವ ರೈತನ ಹಾಗೆ ಅವರು ದಿನಕ್ಕೆ ಎಂಟು ಗಂಟೆ, ಹತ್ತಿಯ ಸುಗ್ಗಿಯಲ್ಲಿ ಹತ್ತು ಗಂಟೆ, ಮುಖ ಮೇಲೆತ್ತಿ ಕುಳಿತರು. ಎಣ್ಣೆ ಹಚ್ಚಿ ತಿಕ್ಕಿಸಿಕೊಂಡರು, ಕೊರಳಿಗೆ ಪಟ್ಟಿ ಕಟ್ಟಿದರು, ದಿಂಬು ಬದಲಿಸಿದರು, ಮನೆಯವರ ಸಮಾಧಾನಕ್ಕೆ ದೃಷ್ಟಿಯನ್ನೂ ತೆಗೆಸಿದರು. ನಮ್ಮ ಹೊಲದ ಹತ್ತಿ ಮಾರಿದ ಲೆಕ್ಕದ ಚೀಟಿ ತರಲು ಹೋಗಿದ್ದ ನಾನು ಅವರ ಭಂಗಿ ನೋಡಿ, ಆ ಪುಸ್ತಕಗಳನ್ನು ತೆಗೆಯಿರಿ ಎಂದೆ. ಸಾಹುಕಾರರು, "ಅವಕ್ಕ ದೀಪಾವಳಿಗೆ ಪೂಜಿ ಆಗೈತ್ರಿ, ಕೆಳಗಿಡಬಾರದು" ಎಂದರು. ಪೂಜೆಯಾದ ಪುಸ್ತಕದ ಮೇಲೆ ಮಾನಿಟರ್ ಹೇರಬಹುದೇ ಎಂದು ಕೇಳಿದ್ದಕ್ಕೆ ಅವರೇ ಎದ್ದು ಪುಸ್ತಕಗಳನ್ನು ಬೀರುವಿಗೆ ಸೇರಿಸಿದರು. ಮೇಜಿನ ದಿಕ್ಕಿನ ವಿಷಯ ಅಷ್ಟು ಸುಲಭವಾಗಿರಲಿಲ್ಲ. "ಪೂರ್ವ ಬಿಟ್ಟರ ಹೆಂಗ್ರಿ?" ಎಂದರು. ಉತ್ತರ ಕುಬೇರನ ದಿಕ್ಕಲ್ಲವೇ ಎಂದೆ. ಆ ಮಾತಿಗೆ ಎದುರುತ್ತರ ಬರಲಿಲ್ಲ. ಮೇಜು ತಿರುಗಿತು, ಬಾಗಿಲಿನ ಬೆಳಕು ಪಕ್ಕಕ್ಕಾಯಿತು. ಮುಂದಿನ ಸಲ ಹೋದಾಗ ಗುಮಾಸ್ತರ ಕೊರಳಲ್ಲಿ ಪಟ್ಟಿ ಇರಲಿಲ್ಲ. ಖರ್ಚಾದದ್ದು ಇಬ್ಬರು ಹಮಾಲರಿಗೆ ಕೊಡಿಸಿದ ಎರಡು ಚಹಾ.

ಪರದೆ ಕಣ್ಣಿನ ಮಟ್ಟಕ್ಕಿರಲಿ ಎಂಬ ನಿಯಮ ತಪ್ಪೆಂದು ನಾನು ಹೇಳುತ್ತಿಲ್ಲ. ಚಾಳೀಸಿಲ್ಲದವರಿಗೆ ಅದು ಸರಿ, ಚಾಳೀಸಿನವರಿಗೆ ಪರದೆ ಇನ್ನೂ ತಗ್ಗಿರಬೇಕು. ಯಾರು ಕೂರುತ್ತಾರೆ ಎಂದು ನೋಡದೆ ನಿಯಮವನ್ನಷ್ಟೇ ಕೂರಿಸಿದರೆ ಹೀಗಾಗುತ್ತದೆ.

ಈ ನೋವು ಕಂಪ್ಯೂಟರಿನೊಂದಿಗೆ ಹುಟ್ಟಿದ್ದೂ ಅಲ್ಲ. ಹದಿನೆಂಟನೆಯ ಶತಮಾನದ ಆರಂಭದಲ್ಲೇ ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಝೀನಿ ಬರಹಗಾರ ಗುಮಾಸ್ತರ ಕಾಯಿಲೆಗಳಿಗೆ ಮೂರು ಕಾರಣ ಕೊಟ್ಟಿದ್ದ: ಸದಾ ಕುಳಿತಿರುವುದು, ಒಂದೇ ಬಗೆಯಲ್ಲಿ ಕೈ ಆಡಿಸುವುದು, ಲೆಕ್ಕ ತಪ್ಪಿ ಧಣಿಗೆ ನಷ್ಟವಾದೀತೆಂಬ ಮನಸ್ಸಿನ ಬಿಗಿ. ಅವನಿಗೆ ಪರಿಚಯವಿದ್ದ ದಸ್ತಾವೇಜು ಬರಹಗಾರನೊಬ್ಬನ ಬಲಗೈ ಸ್ವಾಧೀನ ತಪ್ಪಿದಾಗ ಅವನು ಎಡಗೈಯಲ್ಲಿ ಬರೆಯಲು ಕಲಿತನಂತೆ. ಕೆಲಕಾಲದಲ್ಲಿ ಅದಕ್ಕೂ ಅದೇ ಗತಿ ಬಂತು. ಬಲಗೈ ನೋಯುತ್ತದೆಂದು ಮೌಸನ್ನು ಎಡಗೈಗೆ ಬದಲಿಸಿ ಸಮಸ್ಯೆ ಮುಗಿಯಿತೆಂದುಕೊಂಡವರು ಈ ಸಭೆಯಲ್ಲೂ ಇರಬಹುದು. ನಮ್ಮ 1948ರ ಕಾರ್ಖಾನೆ ಕಾಯ್ದೆಯ 44ನೇ ಕಲಮು ನಿಂತು ದುಡಿಯುವವರಿಗೆ ಕೂರಲು ವ್ಯವಸ್ಥೆ ಇರಬೇಕೆಂದು ವಿಧಿಸಿತು. ದಿನವಿಡೀ ಕುಳಿತೇ ಇರುವವರನ್ನು ಎಬ್ಬಿಸುವ ಕಲಮೂ ಬೇಕಾಗುತ್ತದೆಂದು ಆಗ ಯಾರಿಗೆ ಹೊಳೆಯಬೇಕಿತ್ತು?

ಮತ್ತೆ ಮೇಜಿಗೇ ಬರುತ್ತೇನೆ. ಕಚೇರಿಯ ಮೇಜು ಸಾಮಾನ್ಯವಾಗಿ 30 ಇಂಚು ಎತ್ತರ. ಅದು ಕಾಗದದ ಮೇಲೆ ಬರೆಯುವ ಕಾಲದ ಅಳತೆ. ಐದಡಿ ಎತ್ತರದ ಹೆಣ್ಣುಮಗಳು ಅದರ ಮೇಲೆ ಕೀಬೋರ್ಡ್ ಇಟ್ಟುಕೊಂಡರೆ ಭುಜ ಕಿವಿಯ ಕಡೆಗೇರುತ್ತದೆ, ಮಣಿಕಟ್ಟು ಮೇಲಕ್ಕೆ ಮಡಿಯುತ್ತದೆ. ಮಣಿಕಟ್ಟಿನ ಕಿರಿದಾದ ಹಾದಿಯಲ್ಲಿ ಹೋಗುವ ನರ ಹೀಗೆ ಅದುಮಿದಂತಾಗಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿಯಬಹುದು; ರಾತ್ರಿ ಎಚ್ಚರವಾಗಿ ಕೈ ಕೊಡವಿಕೊಳ್ಳುವಂತಾಗುತ್ತದೆ. ಕುರ್ಚಿ ಎತ್ತರಿಸಿದರೆ ಕೈ ಸರಿಯಾಗುತ್ತದೆ, ಆದರೆ ಕಾಲು ಗಾಳಿಯಲ್ಲಿ ತೂಗುತ್ತದೆ. ಕಾಲ ಕೆಳಗೆ ಊಟದ ಮಣೆಯೊಂದನ್ನು ಹಾಕಿ. ಮೊಣಕೈ ಹೆಚ್ಚುಕಡಿಮೆ ಲಂಬಕೋನದಲ್ಲಿರಲಿ, ಮಣಿಕಟ್ಟು ನೆಟ್ಟಗಿರಲಿ.

ಅಧ್ಯಕ್ಷರಿಂದ ಚೀಟಿ ಬಂದಿದೆ. ಕಣ್ಣಿನ ಬಗ್ಗೆ ನಾಲ್ಕು ಪುಟ ಬರೆದುಕೊಂಡು ಬಂದಿದ್ದೆ. ನಾಲ್ಕು ಮಾತಿನಲ್ಲಿ ಮುಗಿಸುತ್ತೇನೆ. ನಿಮಿಷಕ್ಕೆ 15ರಿಂದ 20 ಸಲ ಮಿಟುಕುವ ರೆಪ್ಪೆ, ಪರದೆ ನೋಡುವಾಗ ಅದರ ಮೂರನೇ ಒಂದು ಭಾಗಕ್ಕೆ ಇಳಿಯಬಹುದು. ಅದರ ಮೇಲೆ ಏಪ್ರಿಲ್‌ನ ಒಣಗಾಳಿ, ಮುಖಕ್ಕೇ ತಿರುಗಿಸಿಟ್ಟ ಕೂಲರ್. ಕೂಲರನ್ನು ಪಕ್ಕಕ್ಕೆ ತಿರುಗಿಸಿ. 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡಿ ಎನ್ನುತ್ತಾರೆ. ನಮ್ಮ ಕಚೇರಿಗಳಲ್ಲಿ ಆರಡಿಗೊಂದು ಬೀರು ಅಡ್ಡ ನಿಂತಿರುವುದರಿಂದ, 20 ಅಡಿ ನೋಡಬೇಕಾದರೆ ಎದ್ದು ಕಿಟಕಿಗೆ ಹೋಗಬೇಕು. ಹೋಗಿ, ಸೊಂಟಕ್ಕೂ ಅದೇ ಬೇಕು. ಹಾಗೆ ಎದ್ದವರನ್ನು ಮೇಲಧಿಕಾರಿಗಳು ಗದರಿಸಬಾರದು.

ವಿದ್ಯುತ್ತಿನ ವಿಷಯವನ್ನು ಮಾತ್ರ ಬಿಡುವಂತಿಲ್ಲ, ಏಕೆಂದರೆ ಅದು ಎರಡನೆಯ ಅವಕಾಶ ಕೊಡುವುದಿಲ್ಲ. ತಗಡಿನ ಕೂಲರಿಗೆ ಅರ್ಥಿಂಗ್ ಇದೆಯೇ ನೋಡಿ. ಮೂರು ಪಿನ್ನಿನ ಪ್ಲಗ್ಗಿನಲ್ಲಿ ಅರ್ಥಿಂಗಿನ ದಪ್ಪ ಪಿನ್ ಮುರಿದು ಹಾಕುವ ಚಾಳಿ ನಿಲ್ಲಲಿ. ಕೂಲರಿಗೆ ನೀರು ಹಾಕುವ ಮುಂಚೆ ಸ್ವಿಚ್ ಆರಿಸಿ ಪ್ಲಗ್ ಕೀಳಿ. ಕರೆಂಟು ಸೋರಿದ ಕೂಡಲೇ ತಾನೇ ಸಂಪರ್ಕ ಕಡಿಯುವ, 30 ಮಿಲಿಆಂಪಿಯರಿನ ಆರ್‌ಸಿಸಿಬಿ ಎಂಬ ಸ್ವಿಚ್ ಹಾಕಿಸಲು ಎಲೆಕ್ಟ್ರಿಷಿಯನ್ನರಿಗೆ ಹೇಳಿ. ಇನ್ವರ್ಟರಿನ ಆಸಿಡ್ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ; ಅದನ್ನು ಗಾಳಿಯಾಡದ ದಾಖಲೆ ಕೋಣೆಯಲ್ಲಿ ಇಡಬೇಡಿ.

ಸಮಯ ಮುಗಿಯಿತು. ಕುರ್ಚಿ ಕೊಳ್ಳುವಾಗ ನೋಡಬೇಕಾದದ್ದು, ಮೊಬೈಲು, ಗರ್ಭಿಣಿಯರು, ಇವೆಲ್ಲ ಈ ಕಾಗದದಲ್ಲೇ ಉಳಿದವು. ಅಳತೆ ಟೇಪು ತಂದಿದ್ದೇನೆ, ಚಹಾದ ಹೊತ್ತಿನಲ್ಲಿ ಬಾಗಿಲ ಬಳಿ ಇರುತ್ತೇನೆ. ಕುಳಿತಾಗ ನಿಮ್ಮ ಮೊಣಕೈ ನೆಲದಿಂದ ಎಷ್ಟು ಎತ್ತರ ಬರುತ್ತದೆಂದು ಅಳೆದು ಚೀಟಿಯಲ್ಲಿ ಬರೆದುಕೊಡುತ್ತೇನೆ. ಚಾಳೀಸಿನವರು ಮೊದಲು ಬನ್ನಿ. ನಮಸ್ಕಾರ.