ಹದಿನೈದು ದಿನ ನಿಮ್ಮ ಹತ್ರ ಇದ್ದರೆ ಲೆಕ್ಕ ಚುಕ್ತಾ ಆಯ್ತಾ?

ನಮಸ್ಕಾರ. ಇವತ್ತು ಒಂದೇ ಒಂದು ಮಾತಿನ ಮೇಲೆ ನನ್ನ ತಕರಾರು. ಹಾಸನದ ಕೋರ್ಟ್ ಕಾರಿಡಾರ್ ಇರಲಿ, ಸಕಲೇಶಪುರದ ಯಾವುದೋ ತೋಟದ ಮನೆಯಲ್ಲಿ ಹಿರಿಯರು ಕೂತು ಮಾಡೋ ಪಂಚಾಯಿತಿ ಇರಲಿ, ಡೈವೋರ್ಸ್ ವಿಷಯ ಬಂದರೆ ಈ ಮಾತು ಬಂದೇ ಬರುತ್ತದೆ: "ಮಗು ತಿಂಗಳಲ್ಲಿ ಹದಿನೈದು ದಿನ ನನ್ನ ಹತ್ರಾನೇ ಇರುತ್ತಲ್ಲ, ಮತ್ತೆ ಜೀವನಾಂಶ ಯಾಕೆ?"

ಕೇಳೋಕೆ ನ್ಯಾಯ ಅನ್ನಿಸುತ್ತದೆ, ಅಲ್ವಾ? ಲೆಕ್ಕ ಹಾಕಿ ನೋಡೋಣ.

ಅಪ್ಪನಿಗೆ ಕಾಫಿ ತೋಟ, ತಿಂಗಳಿಗೆ ಸರಾಸರಿ 60,000 ರೂಪಾಯಿ ಅಂದುಕೊಳ್ಳಿ. ಅಮ್ಮ ಹಾಸನದಲ್ಲಿ ಖಾಸಗಿ ಶಾಲೆ ಟೀಚರ್, ಸಂಬಳ 20,000. ಮಗುವಿನ ಫೀಸು, ವ್ಯಾನು, ಬಟ್ಟೆ, ಟ್ಯೂಷನ್, ಔಷಧಿ ಸೇರಿ 12,000. ಅರ್ಧ ಅರ್ಧ ಮಾಡಿದರೆ ತಲಾ 6,000. ಅಪ್ಪನ ಆದಾಯದಲ್ಲಿ ಅದು ಹತ್ತರಲ್ಲಿ ಒಂದು ಪಾಲು. ಅಮ್ಮನ ಸಂಬಳದಲ್ಲಿ ಹತ್ತರಲ್ಲಿ ಮೂರು. ಉಳಿದ 14,000ದಲ್ಲಿ ಆಕೆ ಬಾಡಿಗೆ ಕಟ್ಟಬೇಕು, ಊಟ ನೋಡಬೇಕು. ಮಗು ತೋಟಕ್ಕೆ ಹೋದ ಹದಿನೈದು ದಿನ ಮನೆ ಓನರ್ ಬಾಡಿಗೆ ಬಿಡುತ್ತಾರಾ? ಶಾಲೆಯವರು ಅರ್ಧ ಫೀಸು ಸಾಕು ಅನ್ನುತ್ತಾರಾ? ಉಳಿಯೋದು ಒಂದಿಷ್ಟು ಹಾಲು, ತರಕಾರಿ. ಅಷ್ಟೇ.

ಆದಾಯ ನೋಡಿ ಹಂಚಿದರೆ ಅಪ್ಪನಿಗೆ 9,000, ಅಮ್ಮನಿಗೆ 3,000 ಬರುತ್ತದೆ. ನನ್ನ ಪ್ರಕಾರ ಹಂಚಬೇಕಾದ್ದೇ ಹೀಗೆ. ಅಮ್ಮ ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದು, ಅಪ್ಪ ಊರಲ್ಲಿ ಸಾಲದ ತೋಟ ನೋಡಿಕೊಂಡಿದ್ದರೆ? ಆಗ ಆಕೆಯೇ ಜಾಸ್ತಿ ಕೊಡಬೇಕು. ಇದರಲ್ಲಿ ಗಂಡು ಹೆಣ್ಣು ಅಂತ ಏನಿಲ್ಲ.

1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ 20ನೇ ಕಲಂ ಮಕ್ಕಳನ್ನು ಸಾಕುವ ಹೊಣೆಯನ್ನು ಇಬ್ಬರ ಮೇಲೂ ಹಾಕುತ್ತದೆ. 2000ದಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂದ ಒಂದು ಕೇಸಿನಲ್ಲಿ ಗಂಡ ಹೆಂಡತಿ ಇಬ್ಬರೂ ಕೆಲಸದಲ್ಲಿದ್ದರು. ಗಂಡನ ಸಂಬಳ ಹೆಚ್ಚುಕಮ್ಮಿ ಎರಡರಷ್ಟಿತ್ತು. ಮಕ್ಕಳ ಖರ್ಚನ್ನೂ ಕೋರ್ಟ್ ಅದೇ ಪ್ರಮಾಣದಲ್ಲಿ ಹಂಚಿತು.

"ಕರ್ನಾಟಕ ಹೈಕೋರ್ಟೇ ಅರ್ಧ ಅರ್ಧ ಅಂದಿದೆಯಲ್ಲ" ಅಂತ ಕೆಲವರು ಹೇಳುತ್ತಾರೆ. ಹೌದು, 2013ರಲ್ಲಿ ಒಂದು ಮಗುವಿನ ವಿಷಯದಲ್ಲಿ ಹಾಗೆ ಆಗಿದೆ. ಜನವರಿಯಿಂದ ಜೂನ್ ಅಪ್ಪನ ಹತ್ರ, ಜುಲೈಯಿಂದ ಡಿಸೆಂಬರ್ ಅಮ್ಮನ ಹತ್ರ, ಖರ್ಚು ಸಮಪಾಲು. ಆದರೆ ಅದು ಆ ಮನೆಯ ಪರಿಸ್ಥಿತಿಗೆ ಕೊಟ್ಟ ಆದೇಶ. ನಮ್ಮಲ್ಲಿ ಇಷ್ಟು ದಿನಕ್ಕೆ ಇಷ್ಟು ದುಡ್ಡು ಅನ್ನೋ ಪಟ್ಟಿ ಇಲ್ಲ. ಜಡ್ಜು ಪ್ರತಿ ಕೇಸನ್ನೂ ಬೇರೆಯಾಗಿ ನೋಡುತ್ತಾರೆ.

ಈಗ ನಮ್ಮ ಜಿಲ್ಲೆಯ ನಿಜವಾದ ತಲೆನೋವಿಗೆ ಬರೋಣ. ಸಂಬಳದವರಿಗೆ ಸ್ಲಿಪ್ ಇರುತ್ತದೆ. ತೋಟದವರಿಗೆ ಎಲ್ಲಿಂದ ತರೋದು? ಬೇರೆ ದಿನ ನಮ್ಮ ಬೆಳೆ ಬಗ್ಗೆ ಎದೆ ಉಬ್ಬಿಸಿ ಮಾತಾಡುವವರು ಕೋರ್ಟಿಗೆ ಬಂದ ತಕ್ಷಣ "ಮಳೆಗೆ ಕಾಯೆಲ್ಲ ಉದುರಿಹೋಯ್ತು ಸ್ವಾಮಿ" ಅನ್ನುತ್ತಾರೆ. ಕೆಲವು ವರ್ಷ ಅದು ನಿಜಾನೇ, ಸುಳ್ಳು ಅನ್ನಲ್ಲ. ಅದಕ್ಕೇ 2020ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಜೀವನಾಂಶದ ಕೇಸುಗಳಲ್ಲಿ ಇಬ್ಬರೂ ಆಸ್ತಿ, ಸಾಲದ ಅಫಿಡವಿಟ್ ಹಾಕಬೇಕು ಅಂದಾಗ ಕೃಷಿಕರಿಗೆ ಬೇರೆ ನಮೂನೆಯನ್ನೇ ಕೊಟ್ಟಿತು. ಜಮೀನು ಎಷ್ಟು, ಏನು ಬೆಳೆ, ಹಿಂದಿನ 3 ವರ್ಷ ಏನು ಬಂತು, ಸಾಲ ಎಷ್ಟು, ಎಲ್ಲಾ ಬರೆಯಬೇಕು. ಒಂದು ಕೆಟ್ಟ ವರ್ಷ ತೋರಿಸಿ ಜಾರಿಕೊಳ್ಳೋದು ಅಷ್ಟು ಸುಲಭ ಅಲ್ಲ.

ಇನ್ನೊಂದು ಎಡವಟ್ಟು. ಕಾಫಿ ದುಡ್ಡು ಕೈಗೆ ಬರೋದು ಕೊಯ್ಲಾದ ಮೇಲೆ. ಶಾಲೆ ಶುರುವಾಗೋದು ಜೂನ್ ಹೊತ್ತಿಗೆ. ಪ್ರತಿ ತಿಂಗಳು ಕೊಡುತ್ತೇನೆ ಅಂತ ಬರೆದುಕೊಟ್ಟು ಅಕ್ಟೋಬರ್‌ನಲ್ಲಿ ಕೈ ಖಾಲಿ ಅನ್ನೋ ಬದಲು, ವರ್ಷದ ಫೀಸನ್ನು ಅಪ್ಪ ಬೇಸಿಗೆಯಲ್ಲೇ ನೇರ ಶಾಲೆಗೆ ಕಟ್ಟಲಿ. ತಿಂಗಳ ಮೊತ್ತ ಆಗ ಸಣ್ಣದಾಗುತ್ತದೆ, ತಪ್ಪೋದೂ ಕಮ್ಮಿ.

ಹಾಗೇ, ದುಡ್ಡು ಬಂದಿಲ್ಲ ಅಂತ ಮಗುವನ್ನು ಕಳಿಸದೇ ಇರೋದು, ಮಗು ಕಳಿಸಿಲ್ಲ ಅಂತ ದುಡ್ಡು ನಿಲ್ಲಿಸೋದು, ಎರಡೂ ತಪ್ಪು. ಎರಡಕ್ಕೂ ಕೋರ್ಟಿನಲ್ಲಿ ಬೇರೆ ಬೇರೆ ದಾರಿ ಇದೆ. ವಕೀಲರಿಗೆ ಕೊಡೋಕೆ ದುಡ್ಡಿಲ್ಲ ಅಂದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. ಹೆಂಗಸರಿಗೆ, ಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತವಾಗಿ ವಕೀಲರನ್ನು ಕೊಡುತ್ತಾರೆ.

ರಾಜಿ ಆಗುತ್ತಿದ್ದರೆ ಫೀಸು ಯಾರದು, ಆಸ್ಪತ್ರೆ ಬಿಲ್ ಯಾರದು, ವರ್ಷಕ್ಕೆ ಎಷ್ಟು ಏರಿಕೆ, ಶುಕ್ರವಾರ ಸಂಜೆ ಮಗುವನ್ನು ಕರೆದುಕೊಂಡು ಹೋಗೋ ಬಸ್ ಚಾರ್ಜು ಯಾರದು, ಎಲ್ಲಾ ಬರೆಸಿ. "ಅದೆಲ್ಲಾ ಆಮೇಲೆ ನೋಡಿಕೊಂಡರಾಯ್ತು ಬಿಡಿ" ಅಂತ ಯಾರಾದರೂ ಅಂದರೆ ಸಹಿ ಹಾಕಬೇಡಿ.